ಮುಂಬಾಗಿಲ ದೀಪ ಆರಿಸಿದ ವರ್ಷ

2022ರ ಅಕ್ಟೋಬರ್ 31ರ ಸಂಜೆ ನಾನೂ ನಮ್ಮೆಜಮಾನ್ರೂ ನಮ್ಮದೇ ಮನೆಯಲ್ಲಿ ಕಳ್ಳರ ಹಾಗೆ ಕೂತಿದ್ವಿ. ಮುಂಬಾಗಿಲ ದೀಪ ಆಫ್. ಹಾಲ್ ಪೂರ್ತಿ ಕತ್ತಲೆ. ಹಿಂದಿನ ರೂಮಿನಲ್ಲಿ ಟಿವಿ ಓಡ್ತಿತ್ತು, ಅದಕ್ಕೂ ಸದ್ದಿಲ್ಲ. ಹೊರಗೆ ಮಕ್ಕಳ ಗಲಾಟೆ ಹತ್ತಿರ ಬಂತು, ನಮ್ಮ ಡ್ರೈವ್‌ವೇ ತುದಿಯಲ್ಲಿ ನಿಂತಿತು. "ಈ ಮನೇಲಿ ಲೈಟ್ ಇಲ್ಲ, ಬನ್ರೋ" ಅಂತ ಒಬ್ಬ ಇಂಗ್ಲಿಷಿನಲ್ಲಿ ಕೂಗಿದ. ಹೆಜ್ಜೆಗಳು ಪಕ್ಕದ ಮನೆ ಕಡೆ ತಿರುಗಿದವು.

"ಹೋದ್ರು" ಅಂದ್ರು ಇವರು. ಇಬ್ಬರೂ ನಿಟ್ಟುಸಿರು ಬಿಟ್ಟೆವು. ಯಾಕೆ ಬಿಟ್ಟೆವು ಅಂತ ಆಗ ಗೊತ್ತಾಗಲಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ಮಗ ಕಾಲೇಜಿಗೆ ಅಂತ ಶಾಂಪೇನ್‌ಗೆ ಹೋಗಿದ್ದ. ಮಗಳು ಅಷ್ಟರಲ್ಲೇ ಸಿಯಾಟಲ್‌ನಲ್ಲಿ ಕೆಲಸಕ್ಕೆ ಸೇರಿದ್ದಳು. ಇನ್ನು ಯಾರಿಗೋಸ್ಕರ ಕುಂಬಳಕಾಯಿ ಕೆತ್ತಬೇಕು, ಯಾರಿಗೋಸ್ಕರ ದೀಪ ಹಾಕಬೇಕು ಅನ್ನೋದು ನಮ್ಮ ವಾದ. ಮನೆ ಮಾರಿ ಚಿಕ್ಕ ಫ್ಲಾಟ್‌ಗೆ ಹೋಗೋಣ ಅನ್ನೋ ಮಾತೂ ಶುರುವಾಗಿತ್ತು. ಏಜೆಂಟ್ ಕೊಟ್ಟ ಕಾಗದಗಳು ಡ್ರಾಯರ್‌ನಲ್ಲಿದ್ದವು.

ನಮ್ಮ ಬೀದಿ

ನಾವಿರೋದು ಶಿಕಾಗೋದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ. ಊರ ಮಧ್ಯೆ ಡುಪೇಜ್ ನದಿ, ಅದರ ದಂಡೆಯುದ್ದಕ್ಕೂ ಇಟ್ಟಿಗೆ ಹಾಸಿದ ರಿವರ್‌ವಾಕ್. ಅಕ್ಟೋಬರ್ ಕೊನೆಗೆ ಮೇಪಲ್ ಎಲೆಗಳು ಕೆಂಪಾಗಿ ಉದುರಿ ಫುಟ್‌ಪಾತ್ ಮುಚ್ಚಿಬಿಡುತ್ತವೆ. ಅಮೆರಿಕದಲ್ಲಿ ಅತಿ ಹೆಚ್ಚು ಕುಂಬಳ ಬೆಳೆಯೋ ರಾಜ್ಯ ನಮ್ಮ ಇಲಿನಾಯ್. ಹಾಗಾಗಿ ಆ ತಿಂಗಳು ಪೆಟ್ರೋಲ್ ಬಂಕ್ ಮುಂದೆಯೂ ಕುಂಬಳಕಾಯಿ ರಾಶಿ ಬಿದ್ದಿರುತ್ತೆ.

ಹ್ಯಾಲೋವೀನ್ ಸಂಜೆಗೆ ಇಲ್ಲಿ ಬರೆಯದ ಒಂದು ಕಾನೂನಿದೆ. ಮುಂಬಾಗಿಲ ದೀಪ ಉರಿಯುತ್ತಿದ್ದರೆ ಬನ್ನಿ ಅಂತ ಅರ್ಥ. ಆರಿದ್ದರೆ ಮುಂದಿನ ಮನೆಗೆ ಹೋಗಿ ಅಂತ. ಯಾರೂ ಬಾಗಿಲು ಬಡಿದು ಕಾಡಿಸೋದಿಲ್ಲ.

ನಮ್ಮೂರಲ್ಲೂ ಒಂದು ಕಾಲದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿರುತ್ತಿದ್ದರು, ನೆನಪಿದೆಯಾ? ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗಬೇಕು, ನಾಳೆ ಬಂದಾಗಲೂ ಅದೇ ಓದಬೇಕು. ಆ ಸಂಜೆ ನಾವು ಬರೆದದ್ದೂ ಅದೇ. ಓದಿ ವಾಪಸ್ ಹೋದವರು ಮಾತ್ರ ಆರು ವರ್ಷದ ಮಕ್ಕಳು.

2002ರಲ್ಲಿ ಈ ಮನೆಗೆ ಬಂದಾಗ ನಮಗೆ ಈ ಹಬ್ಬದ ತಲೆಬುಡ ಗೊತ್ತಿರಲಿಲ್ಲ. ದೀಪ ಹಾಕಿಕೊಂಡು ಆರಾಮಾಗಿ ಕೂತಿದ್ವಿ. ಬೆಲ್ ಆಯ್ತು. ಬಾಗಿಲು ತೆಗೆದರೆ ಒಂದು ಅಸ್ಥಿಪಂಜರ, ಎರಡು ಮಾಟಗಾತಿ, ಒಂದು ಟೊಮ್ಯಾಟೊ! ಮನೇಲಿ ಚಾಕೊಲೇಟ್ ಇಲ್ಲ. ಪಾರ್ಲೆ-ಜಿ ಪ್ಯಾಕೆಟ್ ಕೊಟ್ಟೆ, ಅದು ಮುಗಿದ ಮೇಲೆ ಸೇಬು, ಆಮೇಲೆ ಇವರ ಜೇಬಿನಲ್ಲಿದ್ದ ಚಿಲ್ಲರೆ. ಮುಂದಿನ ವರ್ಷದಿಂದ ನಾವೂ ಪಳಗಿದೆವು. ಮಗಳು ಒಂಬತ್ತನೇ ವಯಸ್ಸಲ್ಲಿ ಒನಕೆ ಓಬವ್ವ ಆಗಿದ್ದಳು. ಒನಕೆ ಅಂದ್ರೆ ಹಳೇ ಪೊರಕೆ ಕೋಲಿಗೆ ಸುತ್ತಿದ ಕಂದು ಪೇಪರ್. ಪ್ರತಿ ಬಾಗಿಲಲ್ಲೂ "ನೀನು ಯಾರಮ್ಮ?" ಅಂತ ಕೇಳೋರು, ಅವಳು ಚಿತ್ರದುರ್ಗದ ಕಿಂಡಿಯ ಕಥೆ ಪೂರ್ತಿ ಹೇಳದೆ ಚಾಕೊಲೇಟ್ ಮುಟ್ಟುತ್ತಿರಲಿಲ್ಲ.

2019ರಲ್ಲಿ ಹ್ಯಾಲೋವೀನ್ ದಿನವೇ ಮೂರು ಇಂಚಿಗೂ ಹೆಚ್ಚು ಹಿಮ ಬಿತ್ತು. ಮಗನಿಗೆ ಹದಿನೈದು. "ನಾನೇನು ಚಿಕ್ಕವನಾ?" ಅಂತ ವೇಷ ಬಿಟ್ಟಾಗಿತ್ತು. ಆದರೂ ಸಲಿಕೆ ತಗೊಂಡು ನಮ್ಮ ಡ್ರೈವ್‌ವೇ, ಎದುರುಮನೆ ಡ್ರೈವ್‌ವೇ ಎರಡನ್ನೂ ಗೋರಿದ, ಪುಟ್ಟ ಮಕ್ಕಳು ಜಾರಬಾರದು ಅಂತ.

ಎದುರುಮನೆ ಅಜ್ಜ ಕೇಳಿದ ಪ್ರಶ್ನೆ

ದೀಪ ಆರಿಸಿದ ಮಾರನೇ ದಿನ ಕಸದ ಡಬ್ಬಿ ಹೊರಗಿಡೋಕೆ ಹೋದಾಗ ಎದುರುಮನೆ ಅಜ್ಜ ರಸ್ತೆ ದಾಟಿ ಬಂದರು. ಎಪ್ಪತ್ತೈದು ದಾಟಿದವರು. ನಾವು ಬರುವ ಮುಂಚಿನಿಂದಲೂ ಅಲ್ಲೇ ಇರೋರು.

"ಎಲ್ಲ ಆರಾಮಾಗಿದ್ದೀರಾ? ನಿನ್ನೆ ನಿಮ್ಮನೆ ಕತ್ತಲಿತ್ತು. ಕಾರ್ ಮಾತ್ರ ಇತ್ತು. ಯಾರಿಗಾದ್ರೂ ಹುಷಾರಿಲ್ವೇನೋ ಅಂತ ಯೋಚನೆ ಆಯ್ತು."

"ಮಕ್ಕಳಿಲ್ಲವಲ್ಲ, ಅದಕ್ಕೇ..." ಅಂದೆ.

"ಓ" ಅಂದರು. ಸ್ವಲ್ಪ ಹೊತ್ತು ಎಲೆ ನೋಡುತ್ತಾ ನಿಂತು, "ನಮ್ಮನೆ ಮಕ್ಕಳು ಹೋಗಿ ಇಪ್ಪತ್ತೈದು ವರ್ಷ ಆಯ್ತು" ಅಂದರು.

ಒಳಗೆ ಬಂದು ಕಾಫಿ ಮಾಡಿಕೊಂಡೆ. ಗಂಟಲಲ್ಲಿ ಇಳೀಲಿಲ್ಲ. ಅವರ ಹೆಂಡತಿ 2021ರ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಹಿಂದಿನ ವರ್ಷದ ಕೋವಿಡ್ ಹ್ಯಾಲೋವೀನ್‌ನಲ್ಲಿ ಅಜ್ಜ ಮೆಟ್ಟಿಲ ಕಂಬಿಗೆ ಒಂದು ಪ್ಲಾಸ್ಟಿಕ್ ಪೈಪ್ ಕಟ್ಟಿದ್ದರು. ಆ ಅಜ್ಜಿ ಮೇಲೆ ಕುರ್ಚಿ ಹಾಕಿಕೊಂಡು ಪೈಪಿನೊಳಗೆ ಚಾಕೊಲೇಟ್ ಜಾರಿಸುತ್ತಿದ್ದರು, ಮಕ್ಕಳು ಕೆಳಗೆ ಚೀಲ ಹಿಡಿಯುತ್ತಿದ್ದರು. ಅವರು ತೀರಿಕೊಂಡಾಗ ನಾವು ಮಾಡಿದ್ದು ಒಂದು ಕಾರ್ಡ್ ಹಾಕಿದ್ದು. ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಸಾವಿನ ಮನೆಗೆ ಹೋಗೋಕೆ ಯಾರೂ ಕರೆಯಬೇಕಿಲ್ಲ. ಕಾಲು ತಾನಾಗಿ ಹೋಗುತ್ತೆ. ಇಲ್ಲಿ ಅರವತ್ತು ಅಡಿ ರಸ್ತೆ ದಾಟೋಕೆ ನನ್ನ ಕಾಲಿಗೆ ಬರಲಿಲ್ಲ.

ಅದಕ್ಕೊಂದು ಕಾರಣವೂ ಇತ್ತು. ಅದನ್ನು ಆಮೇಲೆ ಹೇಳ್ತೀನಿ.

ಬೂ ಮತ್ತು ಬೂರೆ

2023ರ ಅಕ್ಟೋಬರ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಕಿತ್ತಳೆ ಬಣ್ಣದ ಚೀಲ. ಒಳಗೆ ಚಾಕೊಲೇಟ್, ಒಂದು ಮೇಣದಬತ್ತಿ, ಒಂದು ಚೀಟಿ. "ಬೂ! ಇದೇ ರೀತಿ ಇನ್ನೆರಡು ಮನೆಗೆ ಗುಟ್ಟಾಗಿ ಇಟ್ಟು ಬನ್ನಿ." ಇಲ್ಲಿನ ಬಡಾವಣೆಗಳಲ್ಲಿ ಇದೊಂದು ಆಟ. ಯಾರು ಇಟ್ಟರು ಅಂತ ಹೇಳಬಾರದು.

ನನಗೆ ತಕ್ಷಣ ನೆನಪಾದದ್ದು ಮಲೆನಾಡಿನ ಬೂರೆ. ದೀಪಾವಳಿ ಶುರುವಾಗೋ ರಾತ್ರಿ ಊರಿನ ಹುಡುಗರು ಅಕ್ಕಪಕ್ಕದ ಹಿತ್ತಲಿಗೆ ನುಗ್ಗಿ ಸೌತೆಕಾಯಿ, ಕುಂಬಳಕಾಯಿ, ಬಾಳೆಗೊನೆ ಕದಿಯೋರು. ಬೆಳಿಗ್ಗೆ ಬೈಗುಳ ಬೀಳೋದು, ಆದರೆ ಬೈಯುವವರ ಮುಖದಲ್ಲೇ ನಗು. ಅವತ್ತು ಕದ್ದದ್ದು ಕಳವಲ್ಲ. ಅಲ್ಲಿ ಗುಟ್ಟಾಗಿ ಒಯ್ಯೋದು, ಇಲ್ಲಿ ಗುಟ್ಟಾಗಿ ಇಡೋದು, ಅಷ್ಟೇ ವ್ಯತ್ಯಾಸ.

ಇಲ್ಲಿಯ ಹ್ಯಾಲೋವೀನೂ ಮೊದಲು ಇಷ್ಟು ಸಾಧು ಇರಲಿಲ್ಲ. ನೂರು ವರ್ಷದ ಹಿಂದೆ ಹುಡುಗರು ಅವತ್ತಿನ ರಾತ್ರಿ ಮನೆಗಳ ಗೇಟು ಕಿತ್ತೊಯ್ಯೋರು, ಗಾಡಿಯನ್ನು ಛಾವಣಿ ಮೇಲೆ ಏರಿಸೋರು. ಈ ಕಾಟ ತಪ್ಪಿಸೋಕೆ ಅಂತಲೇ ಮಿನಸೋಟಾದ ಅನೋಕಾ ಎಂಬ ಊರು 1920ರಲ್ಲಿ ಮೆರವಣಿಗೆ ಏರ್ಪಡಿಸಿತು. ಮನೆಮನೆಗೆ ಹೋಗಿ ಸಿಹಿ ಕೇಳುವ "ಟ್ರಿಕ್ ಆರ್ ಟ್ರೀಟ್" ದೇಶದ ತುಂಬ ಹಬ್ಬಿದ್ದು ಎರಡನೇ ಮಹಾಯುದ್ಧ ಮುಗಿದು, 1947ರಲ್ಲಿ ಸಕ್ಕರೆ ರೇಷನ್ ಹೋದ ಮೇಲೆ.

ಸರಿ, ನಮ್ಮ ಸರದಿ. ಎರಡು ಚೀಲಕ್ಕೆ ಚಾಕೊಲೇಟ್, ಮನೆಯಲ್ಲೇ ಕರಿದ ಚಕ್ಕುಲಿ, ಮೇಲೆ ಒಂದೊಂದು ಪುಟ್ಟ ಕುಂಬಳಕಾಯಿ. ರಾತ್ರಿ ಒಂಬತ್ತೂವರೆಗೆ ಹೊರಟೆವು. ಎದುರುಮನೆಗೆ ಇಟ್ಟಾಯ್ತು. ಮೂಲೆಮನೆ ನರ್ಸ್ ಬಾಗಿಲಿಗೆ ಹೋಗುವಾಗ ಸೆನ್ಸರ್ ಲೈಟ್ ಭಗ್ಗಂತ ಹತ್ತಿಕೊಂಡಿತು, ನಾಯಿ ಬೊಗಳಿತು, ಬಾಗಿಲು ತೆರೆಯಿತು. ಇವರು ಒಂದು ಕೈಯಲ್ಲಿ ಕುಂಬಳಕಾಯಿ ಹಿಡಿದು ನಿಂತಲ್ಲೇ ನಿಂತಿದ್ದರು.

"ರೀ, ಹೆಗಲು ಮುಟ್ಟಿ ನೋಡ್ಕೊಳ್ಳಿ" ಅಂದೆ.

ಕುಂಬಳಕಾಯಿ ಕಳ್ಳನ ಗಾದೆಯನ್ನು ಆ ನರ್ಸ್‌ಗೆ ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಮೂವರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಹನ್ನೊಂದು ವರ್ಷದಿಂದ ಕಾರಿನೊಳಗಿಂದ ಕೈಬೀಸಿದ್ದು ಬಿಟ್ಟರೆ ಅವರ ಜೊತೆ ಮಾತಾಡಿದ್ದು ಅದೇ ಮೊದಲು. "31ಕ್ಕೆ ಅಜ್ಜನ ಡ್ರೈವ್‌ವೇನಲ್ಲಿ ಬೆಂಕಿ ಹಾಕ್ತಾರೆ. ಮಕ್ಕಳು ದೊಡ್ಡವರಾದವರೆಲ್ಲ ಅಲ್ಲೇ ಸೇರೋದು. ಕುರ್ಚಿ ನೀವೇ ತರಬೇಕು" ಅಂದರು ಅವರು.

ಬೆಂಕಿಯ ಸುತ್ತ

ಆ ಸಂಜೆ ಹಿಮದ ಪುಡಿ ಉದುರುತ್ತಿತ್ತು. ಮಡಚುವ ಕುರ್ಚಿ, ಕಂಬಳಿ, ಚಾಕೊಲೇಟ್ ಬುಟ್ಟಿ ಹೊತ್ತು ರಸ್ತೆ ದಾಟಿದೆವು. ಕಬ್ಬಿಣದ ಫೈರ್ ಪಿಟ್‌ನಲ್ಲಿ ಸೌದೆ ಉರಿಯುತ್ತಿತ್ತು. ಯಾರೋ ಚಿಲ್ಲಿ ಮಾಡಿ ತಂದಿದ್ದರು. ಇದು ಮೆಣಸಿನಕಾಯಿ ಅಲ್ಲ, ರಾಜ್ಮಾ ಹಾಕಿದ ಗಟ್ಟಿ ಸಾರಿನಂಥದು. ನಮಗೆ ಅಂತ ಮಾಂಸ ಹಾಕದ್ದು ಬೇರೆ ಪಾತ್ರೆಯಲ್ಲಿತ್ತು. ಬಿಸಿ ಬಿಸಿ ಆಪಲ್ ಸೈಡರ್. ಮಕ್ಕಳು ಒಂದೊಂದೇ ಗುಂಪಾಗಿ ಬಂದು ಆರು ಬುಟ್ಟಿಗೂ ಕೈಹಾಕಿ ಹೋಗುತ್ತಿದ್ದರು. ಜಿಲಾಟಿನ್ ಇದೆಯಾ ಅಂತ ಲೇಬಲ್ ಓದುವ ಗುಜರಾತಿ ಹುಡುಗಿಯೊಬ್ಬಳಿಗೆ ನಾನೇ ಹುಡುಕಿಕೊಟ್ಟೆ. ಬುಟ್ಟಿಗಳ ಪಕ್ಕ ಹಸಿರುನೀಲಿ ಬಣ್ಣ ಬಳಿದ ಒಂದು ಕುಂಬಳಕಾಯಿ. ಕಡಲೆಕಾಯಿಯಂಥ ಅಲರ್ಜಿ ಇರೋ ಮಕ್ಕಳಿಗೆ ಇಲ್ಲಿ ಸ್ಟಿಕರ್, ಪೆನ್ಸಿಲ್ ಇದೆ ಅನ್ನೋ ಗುರುತು ಅದು.

ಗುರುತಿಲ್ಲದವರ ಮನೆ ಚಾಕೊಲೇಟಿನಲ್ಲಿ ವಿಷ ಇರುತ್ತೆ ಅನ್ನೋ ಭಯ ಇಲ್ಲಿ ಹಳೆಯದು. ಮಕ್ಕಳು ಚಿಕ್ಕವರಿದ್ದಾಗ ನಾನೂ ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ವರದಿಗಳನ್ನು ದಶಕಗಳ ಕಾಲ ಜಾಲಾಡಿದ್ದಾರೆ. ಅಪರಿಚಿತರು ಹೀಗೆ ಹಂಚಿದ ಸಿಹಿಯಿಂದ ಮಗು ಸತ್ತ ಒಂದೇ ಒಂದು ಖಚಿತ ಪ್ರಕರಣ ಅವರಿಗೆ ಸಿಕ್ಕಿಲ್ಲ. ಅಷ್ಟು ವರ್ಷ ಚಾಕೊಲೇಟ್ ತಪಾಸಣೆ ಮಾಡಿದವಳು, ಕೊಟ್ಟವರ ಹೆಸರು ಒಮ್ಮೆಯೂ ಕೇಳಿರಲಿಲ್ಲ.

ಎಂಟು ಗಂಟೆ ಹೊತ್ತಿಗೆ ಅಜ್ಜ ಒಂದು ಹಳೇ ನೋಟ್‌ಬುಕ್ ತಂದರು. ಪ್ರತಿ ಹ್ಯಾಲೋವೀನ್‌ಗೆ ಎಷ್ಟು ಮಕ್ಕಳು ಬಂದರು ಅನ್ನೋ ಲೆಕ್ಕ ಅದರಲ್ಲಿ. 2020ರವರೆಗೆ ಹೆಂಡತಿಯ ದುಂಡು ಅಕ್ಷರ, ಆಮೇಲೆ ಅಜ್ಜನ ನಡುಗುವ ಅಕ್ಷರ. ಒಂದು ಪುಟದಲ್ಲಿ "ಎದುರುಮನೆ ಹುಡುಗಿ, ಕೋಲು ಹಿಡಿದ ವೀರ ಮಹಿಳೆ, ಒಳ್ಳೆ ಕಥೆ" ಅಂತ ಬರೆದಿತ್ತು. ನಮ್ಮ ಓಬವ್ವ! 2022ರ ಸಾಲಿನಲ್ಲಿ ಮಕ್ಕಳ ಸಂಖ್ಯೆಯ ಪಕ್ಕ ಎರಡೇ ಪದ: "ಎದುರುಮನೆ ಕತ್ತಲೆ."

ಆಗ ನನ್ನ ಬಾಯಿಂದ ಹೊರಬಂತು. 2021ರ ಮೇನಲ್ಲಿ ನಮ್ಮಮ್ಮ ಊರಲ್ಲಿ ಕೋವಿಡ್‌ನಿಂದ ಹೋದರು. ನಾನು ಹೋಗೋಕಾಗಲಿಲ್ಲ. ಅಣ್ಣ ಹಿಡಿದ ಫೋನಿನಲ್ಲಿ ಎಲ್ಲ ನೋಡಿದೆ, ನಡುವೆ ಸಿಗ್ನಲ್ ಹೋಯ್ತು. ಈ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಮೇ ತಿಂಗಳಾ?" ಅಂದರು ಅಜ್ಜ. ಬೆಂಕಿಗೆ ಇನ್ನೊಂದು ಸೌದೆ ಇಟ್ಟರು. "ಒಂದು ಪಾತ್ರೆ ಸೂಪ್ ಆದ್ರೂ ತಂದುಕೊಡ್ತಿದ್ದೆ. ನೀವು ಹೇಳಲಿಲ್ಲ."

"ನಾನೂ ತರಲಿಲ್ಲ" ಅಂದೆ.

ಒಂದೇ ತಿಂಗಳು, ಎದುರುಬದುರು ಎರಡು ಸಾವಿನ ಮನೆ. ಇಬ್ಬರೂ ಬಾಗಿಲು ಹಾಕಿಕೊಂಡಿದ್ವಿ.

ಒಂದೇ ದಿನ ಎರಡು ಹಬ್ಬ

ಹ್ಯಾಲೋವೀನ್ ಅಂದರೆ ಪ್ಲಾಸ್ಟಿಕ್ ಅಸ್ಥಿಪಂಜರ ಅಂತಲೇ ನಾನು ತಿಳಿದಿದ್ದೆ. ಅದರ ಬೇರು ಐರ್ಲೆಂಡ್ ಕಡೆಯ ಒಂದು ಹಳೇ ಹಬ್ಬದಲ್ಲಿದೆ. ಅದರ ಹೆಸರನ್ನು "ಸಾವಿನ್" ಅಂತ ಹೇಳ್ತಾರೆ. ಕನ್ನಡದ ಕಿವಿಗೆ ಬೇರೇನೋ ಕೇಳಿಸಿದರೆ ಅದು ಕಾಕತಾಳೀಯ. ಬೇಸಿಗೆ ಮುಗಿದು ಚಳಿ ಕಾಲಿಡುವ ಹೊತ್ತು ಅದು. ಆ ರಾತ್ರಿ ಸತ್ತವರು ಮನೆಗೆ ಬಂದು ಹೋಗುತ್ತಾರೆ ಅನ್ನೋ ನಂಬಿಕೆ ಇತ್ತು. ಅಲ್ಲಿ ಟರ್ನಿಪ್ ಗೆಡ್ಡೆ ಕೆತ್ತಿ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದವರಿಗೆ ಕುಂಬಳಕಾಯಿ ಸಿಕ್ಕಿತು. ಕ್ರೈಸ್ತರ ಪಂಚಾಂಗದಲ್ಲಿ ನವೆಂಬರ್ 1 ಸಂತರ ದಿನ, 2 ಎಲ್ಲ ಸತ್ತವರನ್ನೂ ನೆನೆಯುವ ದಿನ.

ನಮ್ಮ ಪಕ್ಕದ ಮನೆಯವರು ಮೆಕ್ಸಿಕೋ ಮೂಲದವರು. ಆ ಎರಡು ದಿನ ಅವರ ಮನೆಯಲ್ಲಿ ತೀರಿಹೋದವರ ಫೋಟೊ ಇಟ್ಟು, ಅವರಿಷ್ಟದ ಊಟ, ಮೇಣದಬತ್ತಿ, ರಾಶಿ ಚೆಂಡುಹೂವು ಇಡುತ್ತಾರೆ. ಹೂವಿನ ವಾಸನೆ ಹಿಡಿದು ಹಿರಿಯರು ದಾರಿ ಕಂಡುಕೊಳ್ತಾರಂತೆ. ಚೆಂಡುಹೂವು ನಮ್ಮದೇ ಅಂದುಕೊಂಡಿದ್ದೆ. ಅದರ ತವರು ಮೆಕ್ಸಿಕೋ ಕಡೆ, ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ.

2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಿತ್ತು. ಬೆಳಿಗ್ಗೆ ಎಣ್ಣೆಸ್ನಾನ, ಮಧ್ಯಾಹ್ನ ಕುಂಬಳಕಾಯಿ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕಬಾರದು ಅಂತ ಅಮ್ಮ ಹೇಳುತ್ತಿದ್ದರು. ಆ ಮಾತಲ್ಲಿ ನನಗೆ ನಂಬಿಕೆಯಿಲ್ಲ, ಆದರೂ ಮೊದಲ ಗೀರು ಇವರ ಕೈಯಿಂದಲೇ ಹಾಕಿಸಿದೆ. ಕಣ್ಣು, ಮೂಗು, ಹಲ್ಲು ಎಲ್ಲ ಕೆತ್ತಿದ್ದು ನಾನು. ಒಳಗಿನ ಬೀಜ ತೊಳೆದು, ಉಪ್ಪು ಖಾರ ಹಾಕಿ ಹುರಿದೆ.

ಸಂಜೆ ಐದೂಮುಕ್ಕಾಲಿಗೆ ಸೂರ್ಯ ಮುಳುಗಿದ. ಗಾಳಿ ಜೋರಿತ್ತು, ಹಣತೆ ನಿಲ್ಲುತ್ತಿರಲಿಲ್ಲ. ಕೊನೆಗೆ ಹಣತೆಗಳನ್ನು ಕೆತ್ತಿದ ಕುಂಬಳಕಾಯಿಗಳೊಳಗೇ ಇಟ್ಟೆವು. ಅಜ್ಜನ ಡ್ರೈವ್‌ವೇನಲ್ಲಿ ಪಕ್ಕದ ಮನೆಯಾಕೆ ಒಂದು ಮಡಚುವ ಮೇಜು ಹಾಕಿ ಚೆಂಡುಹೂವು ಹರಡಿದ್ದರು. ಅವರ ತಾಯಿಯ ಫೋಟೊ ಇತ್ತು. ಅಜ್ಜ ಏನೂ ಹೇಳದೆ ಒಳಗೆ ಹೋಗಿ ಹೆಂಡತಿಯ ಫೋಟೊ ತಂದಿಟ್ಟರು. ನಾನೂ ರಸ್ತೆ ದಾಟಿ ಹೋಗಿ ಅಮ್ಮನ ಫೋಟೊ ತಂದೆ. ಮುಂದೆ ಒಂದು ಲೋಟ ಕಾಫಿ, ಎರಡು ಚಕ್ಕುಲಿ. ಮೂರು ವರ್ಷದಿಂದ ಗಂಟಲಲ್ಲಿ ನಿಂತದ್ದು ಅವತ್ತು ಕರಗಿತು. ಮೂಲೆಮನೆ ನರ್ಸ್ ನನ್ನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದರು.

ಸ್ಪೈಡರ್‌ಮ್ಯಾನ್ ಮುಖವಾಡದ ಕೆಳಗೆ ರೇಷ್ಮೆ ಕುರ್ತಾ ಹಾಕಿದ ಹುಡುಗನೊಬ್ಬ ಬಂದು ದೀಪ ನೋಡಿ ಕೇಳಿದ, "ಇವು ದೆವ್ವ ಓಡಿಸೋಕಾ?" "ಅಲ್ಲ ಪುಟ್ಟ, ಬರೋರಿಗೆ ದಾರಿ ಕಾಣಲಿ ಅಂತ" ಅಂದೆ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುತ್ತಿದ್ದರು. ಅಮ್ಮ ಅವರ ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಸು ಕೊಟ್ಟು ಕಳಿಸುತ್ತಿದ್ದರು. ಎಷ್ಟೇ ಹೊತ್ತಾಗಲಿ, ಅವರು ಬಂದು ಹೋಗೋವರೆಗೂ ಬಾಗಿಲು ಹಾಕುತ್ತಿರಲಿಲ್ಲ.

ಪಕ್ಕದ ಬಾಗಿಲು

ಮೊನ್ನೆ ಮಗಳು ಫೋನ್ ಮಾಡಿದ್ದಳು. ಅವಳಿರೋ ಅಪಾರ್ಟ್‌ಮೆಂಟಿನಲ್ಲಿ ಹ್ಯಾಲೋವೀನ್‌ಗೆ ಯಾರೂ ಬರೋದಿಲ್ಲವಂತೆ. "ನೀವಿಬ್ಬರೂ ನನಗಿಂತ ಜೋರಾಗಿ ಮಾಡ್ತೀರಲ್ಲಮ್ಮ" ಅಂತ ನಕ್ಕಳು. ಆಮೇಲೆ ದನಿ ಇಳಿಸಿ, "ಪಕ್ಕದ ಫ್ಲಾಟಲ್ಲಿ ಯಾರಿದ್ದಾರೆ ಅಂತಾನೂ ಗೊತ್ತಿಲ್ಲ" ಅಂದಳು.

ಸಿಯಾಟಲ್ ಆಗಲಿ, ಬೆಂಗಳೂರಿನ ಯಾವುದೋ ಟವರ್‌ನ ಹದಿನಾಲ್ಕನೇ ಮಹಡಿ ಆಗಲಿ, ಇದನ್ನು ಫೋನಿನಲ್ಲಿ ಓದುತ್ತಿರೋ ನಿಮ್ಮಲ್ಲೂ ಕೆಲವರ ಸ್ಥಿತಿ ಇದೇ ಇರಬಹುದು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ವೇಷ ಬೇಡ, ಅಲಂಕಾರ ಬೇಡ, ಮಕ್ಕಳೂ ಬೇಕಿಲ್ಲ. ಯಾವ ಹಬ್ಬ ಅನ್ನೋದೂ ದೊಡ್ಡದಲ್ಲ. ಒಂದು ಡಬ್ಬಿಯಲ್ಲಿ ಏನಾದರೂ ಹಾಕಿ ಪಕ್ಕದ ಬಾಗಿಲು ತಟ್ಟು. ಮೊದಲು ಹೆಸರು ಕೇಳು. ನಮಗೆ ಅಷ್ಟಕ್ಕೇ ಇಪ್ಪತ್ತು ವರ್ಷ ಹಿಡಿಯಿತು.

ಈ ವರ್ಷ, 2025ರಲ್ಲಿ, ದೀಪಾವಳಿ ಹತ್ತು ದಿನ ಮೊದಲೇ ಬಂದು ಹೋಗಿದೆ. ಹಣತೆಗಳನ್ನು ಇನ್ನೂ ಎತ್ತಿಟ್ಟಿಲ್ಲ. ಏಜೆಂಟ್ ಕಾಗದಗಳು ಡ್ರಾಯರ್‌ನಲ್ಲೇ ಇವೆ, ಮುಂದೆ ಯಾವತ್ತಾದರೂ ಬೇಕಾಗಬಹುದು. ಅಜ್ಜನಿಗೆ ಈಗ ಬರೆಯುವಾಗ ಕೈ ಜಾಸ್ತಿ ನಡುಗುತ್ತೆ. "ಈ ಸಲ ಲೆಕ್ಕ ನೀವು ಬರೀರಿ" ಅಂತ ನಿನ್ನೆ ನೋಟ್‌ಬುಕ್ ತಂದುಕೊಟ್ಟು ಹೋದರು. ಪೆನ್ಸಿಲ್ ಚೂಪು ಮಾಡಿ ಅದರ ಪಕ್ಕದಲ್ಲೇ ಇಟ್ಟಿದ್ದೀನಿ.